ನಾಲ್ಕು ಬೆರಳಿನ ಎತ್ತರ

ನಮ್ಮ ಗಾಡಿಯನ್ನು ಎತ್ತರ ಮಾಡಿಸಬೇಕೆಂಬ ವಿಚಾರ ನನ್ನ ಯಜಮಾನರ ತಲೆಗೆ ಬಂದದ್ದು ಮುಂಡರಗಿ ದಾಟಿದ ಮೇಲಿನ ಒಂದು ಎರೆಹೊಲದ ದಾರಿಯಲ್ಲಿ. ಹಿಂದಿನ ದಿನ ಮಳೆ ಬಂದು ಹೋಗಿತ್ತು. ಬಂಡಿಗಳು ಓಡಾಡಿ ದಾರಿಯ ಎರಡೂ ಬದಿ ಆಳವಾಗಿ ಕೊರೆದುಹೋಗಿ, ನಡುವಿನ ಮಣ್ಣು ಎಮ್ಮೆಯ ಬೆನ್ನಿನ ಹಾಗೆ ಉಬ್ಬಿ ನಿಂತಿತ್ತು. ಗಾಡಿಯ ಹೊಟ್ಟೆ ಆ ಉಬ್ಬಿನ ಮೇಲೆ ಕೂತುಬಿಟ್ಟಿತು. ಹಿಂದಿನ ಗಾಲಿಗಳು ಬರೀ ತಿರುಗುತ್ತಿದ್ದವು. ಕೆಸರು ಹಿಂದಿನ ಗಾಜಿಗೆ ರಪರಪ ಬಡಿಯುತ್ತಿತ್ತು.

ಗಾಡಿಯಲ್ಲಿ ಯಜಮಾನರು, ನಾನು, ನನ್ನ ಅತ್ತೆ ಮೂವರೇ ಇದ್ದೆವು. ಹೊರಟಿದ್ದದ್ದು ಅತ್ತೆಯ ತಂಗಿಯ ಊರಿಗೆ. ಊರು ಎದುರಿಗೇ ಕಾಣುತ್ತಿತ್ತು. ಬೇವಿನ ಗಿಡಗಳು, ಅವುಗಳ ನಡುವೆ ಗುಡಿಯ ಬಿಳಿ ಗೋಡೆ, ಮನೆಗಳ ಮೇಲಿನ ಹೊಗೆ. ಅತ್ತೆ ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಸೀರೆಯ ಗಂಟು ಹಿಡಿದು ಕೂತು, ಗಾಡಿ ಹೂತದ್ದು ತಮಗೆ ಸಂಬಂಧವಿಲ್ಲ ಎಂಬಂತೆ ಆ ಹೊಗೆಯನ್ನೇ ನೋಡುತ್ತಿದ್ದರು.

ಪಕ್ಕದ ಹೊಲದಿಂದ ಒಬ್ಬ ರೈತ ಎತ್ತು ಬಿಚ್ಚಿಕೊಂಡು ಬಂದ. ಬಗ್ಗಿ ಗಾಡಿಯ ಕೆಳಗೆ ನೋಡಿ, ಮುಂದಕ್ಕೆ ಹೋಗುವ ಮಾತಿಲ್ಲ, ಹಿಂದಕ್ಕೆ ಜಗ್ಗಿ ಕೊಡಬಹುದು ಅಂದ. ಆಮೇಲೆ ಅತ್ತೆಯ ಕಡೆ ನೋಡಿ ಹೇಳಿದ:

"ನನ್ನ ಬಂಡಿ ಐತ್ರಿ. ಅವ್ವಾರನ್ನ ಕುಂಡ್ರಿಸ್ಕೊಂಡು ಊರ ತನಕ ಬಿಟ್ಟು ಬರ್ತೀನಿ. ನೀವು ಗಾಡಿ ನೋಡ್ಕೊಂಡು ಹಿಂದಿಂದ ಬರ್ರಿ."

ಯಜಮಾನರು ಏನೂ ಹೇಳುವ ಮೊದಲೇ ಅತ್ತೆ ತಲೆಯಾಡಿಸಿದರು. "ಬ್ಯಾಡಪಾ. ಮೋಟಾರದಾಗ ಬರ್ತೀನಂತ ಹೇಳಿ ಕಳಿಸೇನಿ. ಬಂಡ್ಯಾಗ ಹೋಗಿ ಇಳದ್ರ ಆಕಿ ಏನಂದಾಳು."

ಯಜಮಾನರಿಗೂ ಅದೇ ಬೇಕಾಗಿತ್ತು. ಕೆಸರಾದ ಕೈ ಧೋತರಕ್ಕೆ ಒರೆಸಿಕೊಳ್ಳುತ್ತ, "ಗಾಡಿ ಒಂದೀಟು ಎತ್ತರ ಮಾಡಸ್ತೀನಿ ಯವ್ವಾ. ಮುಂದಿನ ತಿಂಗಳ ಸೀದಾ ಚಿಗವ್ವನ ಬಾಗಿಲಿಗೆ ಒಯ್ದು ಇಳಸ್ತೀನಿ" ಅಂದರು. ಅತ್ತೆ ನಕ್ಕರು. ಎತ್ತುಗಳು ಗಾಡಿಯನ್ನು ಹಿಂದಕ್ಕೆ ಎಳೆದವು. ಕಾಲಿಡುವ ಪಾವಟಿಗೆ ಒಂದು ಬದಿ ಕಿತ್ತು ಜೋತುಬಿದ್ದಿತ್ತು. ಅದನ್ನು ಹಗ್ಗದಿಂದ ಕಟ್ಟಿಕೊಂಡು ನಾವು ನಮ್ಮೂರು ಬೆಟಗೇರಿಗೆ ತಿರುಗಿದೆವು. ದಾರಿಯುದ್ದಕ್ಕೂ ತಾಯಿ ಮಗ ಇಬ್ಬರೂ ಹುರುಪಿನಿಂದ ಮಾತಾಡುತ್ತಿದ್ದರು. ಏನೋ ಕೈತಪ್ಪಿ ಹೋಯಿತು ಅಂತ ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ನಾನು ಲಕ್ಷ್ಮೇಶ್ವರದ ಹುಡುಗಿ. ನಾನು ಮದುವೆಯಾಗಿ ಬಂದ ಕಾಲಕ್ಕೆ ನನ್ನ ತವರು ಒಂದು ಸಂಸ್ಥಾನದ ಕೈಯಲ್ಲಿತ್ತು, ನಡುವೆ ಸಿಗುವ ಶಿರಹಟ್ಟಿ ಇನ್ನೊಂದು ಸಂಸ್ಥಾನದ್ದು, ಬೆಟಗೇರಿ ಮುಂಬಯಿ ಸರ್ಕಾರದ್ದು. ಅತ್ತೆಯ ತಂಗಿಯನ್ನು ಕೊಟ್ಟದ್ದು ಹೈದರಾಬಾದಿನ ಸೀಮೆಗೆ, ನಾವು ಮೊಗಲಾಯಿ ಅನ್ನುತ್ತಿದ್ದ ಕಡೆಗೆ. ಒಂದೇ ಮಾತು, ಒಂದೇ ರೊಟ್ಟಿ, ಒಂದೇ ಹಬ್ಬ. ಆಳುವವರು ಮಾತ್ರ ಬೇರೆ ಬೇರೆ. ಸ್ವಾತಂತ್ರ್ಯ ಬಂದು, ಸಂಸ್ಥಾನಗಳು ಹೋಗಿ, ಮೊಗಲಾಯಿಯ ಗಲಾಟೆಯೂ ತಣ್ಣಗಾದ ಮೇಲೆ ನಮ್ಮ ಯಜಮಾನರು ಗಾಡಿ ತಂದರು. ಯುದ್ಧದಲ್ಲಿ ದುಡಿದು ಹರಾಜಿಗೆ ಬಂದಿದ್ದ, ಹಸಿರು ಬಣ್ಣದ, ಕೋಣೆಯಷ್ಟು ದೊಡ್ಡ ಮಿಲಿಟರಿ ಮೋಟಾರು. ನಡುವಿನ ಸೀಟು ತೆಗೆದು ಅಲ್ಲಿ ಸೀರೆಯ ಗಂಟು ಹಾಕುತ್ತಿದ್ದರು. ನಮ್ಮ ಮನೆಯ ಮಗ್ಗಗಳಲ್ಲೂ ಓಣಿಯ ಮಗ್ಗಗಳಲ್ಲೂ ನೇಯ್ದ ಸೀರೆಗಳನ್ನು ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಸಂತೆಗಳಿಗೆ ಒಯ್ಯುವುದು ಅವರ ಕೆಲಸ.

ಅತ್ತೆ ಮೊದಲು ಆ ಗಾಡಿಯನ್ನು ಬೈದರು. ಸೈನಿಕರು ಸತ್ತ ಗಾಡಿ ಮನೆ ಮುಂದೆ ಯಾಕೆ ಅಂದರು. ಒಂದು ಸಲ ಏನೋ ಕೆಲಸಕ್ಕೆ ಶಿರಹಟ್ಟಿಗೆ ಅದರಲ್ಲೇ ಹೋಗಬೇಕಾಗಿ ಬಂತು. ಮುಂದಿನ ಸೀಟಿನಲ್ಲಿ ಕೂತು, ಕಪ್ಪತಗುಡ್ಡ ದೂರದಲ್ಲಿ ತಮ್ಮ ಜೊತೆಗೇ ಓಡುವುದನ್ನು ನೋಡಿದರು. ಅಲ್ಲಿಂದ ಮುಂದೆ ಸಂತೆಯ ದಿನ ಬೆಳಗ್ಗೆ ಅವರೇ ಮೊದಲು ತಯಾರಾಗಿ ಹೊರಗೆ ನಿಂತಿರುತ್ತಿದ್ದರು. ನನ್ನನ್ನೂ ಕರೆಯುತ್ತಿದ್ದರು.

ನನಗೆ ಆ ಗಾಡಿ ಕೊಟ್ಟದ್ದನ್ನು ಇಲ್ಲಿ ಹೇಳಬೇಕು. ಮನೆಯಲ್ಲಿ ಅತ್ತೆಯ ಎದುರು ನಾನು ಕೂತದ್ದಿಲ್ಲ. ಕಂಬದ ಮರೆಗೆ ನಿಂತು, ಕೇಳಿದ್ದಕ್ಕೆ ಹೂಂ ಅನ್ನುವುದಷ್ಟೇ ನನ್ನ ಪಾಲಿನ ಮಾತು. ಗಾಡಿಯಲ್ಲಿ ನಿಲ್ಲುವುದಕ್ಕೆ ಜಾಗವೇ ಇಲ್ಲವಲ್ಲ, ಅವರ ಮಗ್ಗುಲಲ್ಲೇ ಕೂರಬೇಕು. ಗಾಡಿ ಹೊರಳಿದಾಗ ನನ್ನ ಹೆಗಲು ಅವರ ಹೆಗಲಿಗೆ ತಾಗುತ್ತಿತ್ತು. ಮನೆಯಲ್ಲಿ ಬೆಂಕಿಯಂತಿದ್ದ ಹೆಂಗಸು ದಾರಿಯಲ್ಲಿ ಮಾತುಗಾರ್ತಿಯಾಗುತ್ತಿದ್ದರು. ತಾಯಿ ಸತ್ತಾಗ ತಂಗಿ ಇನ್ನೂ ಹಾಲು ಕುಡಿಯುವ ಕೂಸಂತೆ. ಆ ಕೂಸನ್ನು ಟೊಂಕದ ಮೇಲೆ ಇಟ್ಟುಕೊಂಡೇ ಅತ್ತೆ ನೀರು ತಂದರಂತೆ, ರೊಟ್ಟಿ ಬಡಿದರಂತೆ, ಮಗ್ಗದ ಕೆಲಸ ಕಲಿತರಂತೆ. ತಮ್ಮ ಮದುವೆಯ ದಿನ ಆ ಹುಡುಗಿ ಬಾಸಿಂಗ ಹಿಡಿದು ಎಳೆದು ಅತ್ತಳಂತೆ. ಇದನ್ನು ಹೇಳುವಾಗ ಅವರು ಪ್ರತಿ ಸಲವೂ ನಗುತ್ತಿದ್ದರು.

ಆ ತಂಗಿ, ನಾವೆಲ್ಲ ಚಿಗವ್ವ ಅನ್ನುತ್ತಿದ್ದವರು, ಪ್ರತಿ ವರ್ಷ ನಾಗರಪಂಚಮಿಗೆ ಬೆಟಗೇರಿಗೆ ಬರುತ್ತಿದ್ದರು. ಅಕ್ಕನ ಮನೆಯೇ ಅವರಿಗೆ ತವರು. ಆದರೆ ಅವರ ಗಂಡನಿಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಯಿತು. ಮನೆಯಲ್ಲಿ ಮಕ್ಕಳಿಲ್ಲ. ಹಾಸಿಗೆ ಹಿಡಿದ ಮನುಷ್ಯನನ್ನು ಬಿಟ್ಟು ಒಂದು ದಿನವೂ ಹೊರಗೆ ಇರುವ ಹಾಗಿಲ್ಲ. ಆ ವರ್ಷ ಪಂಚಮಿಗೆ ಅವರು ಬರಲಿಲ್ಲ. ತನಗಂತೂ ಬರಲಿಕ್ಕೆ ಆಗುವುದಿಲ್ಲ, ಅಕ್ಕನೇ ಒಮ್ಮೆ ಬಂದು ಹೋಗಲಿ ಎಂದು ಸಂತೆಗೆ ಬಂದವರ ಕೈಯಲ್ಲಿ ಹೇಳಿ ಕಳಿಸಿದರು. ಹಾಗೆ ನಾವು ಹೊರಟು, ಎರೆಯಲ್ಲಿ ಹೂತು, ವಾಪಸು ಬಂದದ್ದು.

ಬೆಟಗೇರಿಯಲ್ಲಿ ಲಾರಿಗಳ ಪಾಟಾ ಕಟ್ಟುವ ಒಬ್ಬ ಸಾಹೇಬರಿದ್ದರು. ಪಾಟಾ ಅಂದರೆ ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಸಾಹೇಬರು ಯಜಮಾನರಿಗೆ ಚಿಕ್ಕಂದಿನಿಂದ ಸ್ನೇಹಿತರು, ನಮ್ಮ ಅತ್ತೆಯನ್ನು ಅವ್ವಾ ಅಂತಲೇ ಕರೆಯುತ್ತಿದ್ದರು. ನಮ್ಮ ಮನೆಯ ಮುಂದಿನ ಬಯಲಲ್ಲೇ ಜಾಕು ಕೊಟ್ಟು ಗಾಡಿ ಎತ್ತಿ, ಕೆಳಗೆ ಕಲ್ಲು ಪೇರಿಸಿ, ಗಾಲಿಗಳನ್ನು ಬಿಚ್ಚಿ ಮಲಗಿಸಿದರು. ಅಷ್ಟು ದೊಡ್ಡ ಗಾಡಿ ಕಾಲಿಲ್ಲದೆ ಕಲ್ಲಿನ ಮೇಲೆ ನಿಂತದ್ದನ್ನು ನೋಡಲು ಓಣಿಯ ಹೆಂಗಸರೆಲ್ಲ ಬಂದು ಹೋದರು.

ಎಷ್ಟು ಎತ್ತಬೇಕು ಎಂಬುದರ ಮೇಲೆ ಇಬ್ಬರಿಗೂ ಜಗಳವೇ ಆಯಿತು. ಇಷ್ಟೆಲ್ಲ ಬಿಚ್ಚಿದ ಮೇಲೆ ಒಂದು ಗೇಣು ಎತ್ತಿಬಿಡೋಣ, ಆನೆಯ ಹಾಗೆ ಹೋಗುತ್ತದೆ ಎಂದು ಸಾಹೇಬರು. ಅಷ್ಟು ಎತ್ತಿದರೆ ಹೊರಳುವಾಗ ಗಾಡಿ ಮಗುಚೀತು, ನಾಲ್ಕು ಬೆರಳು ಸಾಕು ಎಂದು ಯಜಮಾನರು. ಅತ್ತೆ ಹೊರಸಿನ ಮೇಲೆ ಕೂತು ಇಬ್ಬರಿಗೂ ಚಹಾ ಕೊಡಿಸುತ್ತ, ತಂಗಿಯ ಊರಿನ ದಾರಿಯಲ್ಲಿ ಮಣ್ಣು ಎಷ್ಟು ಉಬ್ಬಿತ್ತು ಎಂದು ಕೈಯಲ್ಲಿ ಅಳತೆ ತೋರಿಸುತ್ತಿದ್ದರು. ಕೊನೆಗೆ ನಾಲ್ಕು ಬೆರಳಿಗೇ ಒಪ್ಪಂದವಾಯಿತು.

ಸಾಹೇಬರು ಹಳೆಯ ಲಾರಿಯ ಪಾಟಾಗಳನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಬಾಗು ಹೆಚ್ಚು ಮಾಡಿ, ಒಂದೊಂದು ಕಡೆಗೂ ಎರಡೆರಡು ಸೇರಿಸಿದರು. ಅಚ್ಚಿಗೂ ಪಾಟಾಕ್ಕೂ ನಡುವೆ ಕಬ್ಬಿಣದ ದಿಮ್ಮಿ ಇಟ್ಟು ಉದ್ದನೆಯ ಬೋಲ್ಟು ಹಾಕಿ ಬಿಗಿದರು. ಮಿಲಿಟರಿ ಲಾರಿಯದೇ ದೊಡ್ಡ ಟೈರುಗಳು ಎಲ್ಲೋ ಸಿಕ್ಕವು, ಅವನ್ನೂ ಹಾಕಿದರು. ಕಿತ್ತುಬಂದಿದ್ದ ಪಾವಟಿಗೆಯನ್ನು ಮತ್ತೆ ಕೂರಿಸಲಿಲ್ಲ. ಇದು ಕೆಳಗೆ ಇಳಿಬಿದ್ದಿದ್ದರೆ ಮತ್ತೆ ಮಣ್ಣಿಗೆ ಸಿಕ್ಕುತ್ತದೆ, ಯಾಕೆ ಬೇಕು ಅಂದರು. ಎದುರುಬದಿಯದನ್ನೂ ಬಿಚ್ಚಿ ಗೋಡೆಗೆ ಒರಗಿಸಿದರು.

ಗಾಡಿ ಮತ್ತೆ ನೆಲಕ್ಕೆ ಇಳಿದಾಗ ನಾಲ್ಕು ಬೆರಳಿನ ಲೆಕ್ಕ ಎಲ್ಲೋ ತಪ್ಪಿತ್ತು. ಹೊಸ ಪಾಟಾ ಬಿರುಸಾಗಿತ್ತು, ಸವೆದ ಹಳೆಯ ಪಾಟಾದ ಹಾಗೆ ಬಗ್ಗಲಿಲ್ಲ. ಅದರ ಮೇಲೆ ಟೈರು ದೊಡ್ಡದು. ಎಲ್ಲ ಸೇರಿ ಸಾಹೇಬರು ಹೇಳಿದ್ದ ಗೇಣೇ ಆಗಿತ್ತು. ಓಡಾಡುತ್ತ ತಾನೇ ಕೂತುಕೊಳ್ಳುತ್ತದೆ ಬಿಡು ಎಂದು ಸಾಹೇಬರು ನಕ್ಕರು. ಗಂಡಸರಿಬ್ಬರೂ ಅಂತೂರ ಬೆಂತೂರದ ಕಡೆಯ ಹೊಲದ ದಾರಿಗೆ ಗಾಡಿ ಒಯ್ದು ನೋಡಿ ಬಂದರು. ಒಂದು ಕಡೆಯೂ ತಳ ತಾಗಲಿಲ್ಲವಂತೆ. ಯಜಮಾನರ ಮುಖ ಆ ದಿನ ಎಷ್ಟು ಗೆಲುವಾಗಿತ್ತು ಅಂದರೆ, ಮನೆಗೆ ಗಂಡು ಕೂಸು ಹುಟ್ಟಿದಾಗಲೂ ನಾನು ಅಷ್ಟು ಗೆಲುವು ಕಂಡಿರಲಿಲ್ಲ.

ಮರುದಿನ ಬೆಳಗ್ಗೆ ಹೊರಡುವುದೆಂದು ಆಯಿತು. ಅತ್ತೆ ಎಣ್ಣೆ ಹಚ್ಚಿ ತಲೆ ಬಾಚಿ, ತಾವೇ ನೇಯ್ದ ಕೆಂಪು ಸೆರಗಿನ ಸೀರೆ ಉಟ್ಟರು. ಶೇಂಗಾ ಹೋಳಿಗೆ ಮಾಡಿಸಿ ಬುಟ್ಟಿಯಲ್ಲಿ ಕಟ್ಟಿಸಿದ್ದರು. ನೋಡಲೆಂದು ಓಣಿಯವರು ಮಗ್ಗ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು. ಅತ್ತೆ ಗಾಡಿಯ ಬಾಗಿಲು ಹಿಡಿದು ಎಡಗಾಲು ಎತ್ತಿದರು. ಕಾಲು ಮೇಲಕ್ಕೆ ಮುಟ್ಟಲಿಲ್ಲ.

ಚಿಕ್ಕಂದಿನಿಂದ ಮುಪ್ಪಿನವರೆಗೆ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ತುಳಿದ ಮೊಣಕಾಲು ಅದು. ಮೊದಲು ಪಾವಟಿಗೆ ಇದ್ದಾಗಲೇ ಅವರು ನನ್ನ ಹೆಗಲಿನ ಮೇಲೆ ಕೈಯಿಟ್ಟು ಹತ್ತುತ್ತಿದ್ದರು. ಅದು ನಮಗೆಲ್ಲ ಗೊತ್ತೇ ಇತ್ತು. ಗಾಡಿಯ ಹೊಟ್ಟೆ ಮಣ್ಣಿಗೆ ತಾಗಬಾರದು ಎಂಬ ಒಂದೇ ಚಿಂತೆಯಲ್ಲಿ ಅದು ಗಂಡಸರಿಗೆ ಹೊಳೆಯಲಿಲ್ಲ, ಮನೆಯ ಹೆಂಗಸರಿಗೆ ಹೊಳೆಯಲಿಲ್ಲ, ಎದುರಿಗೇ ಕೂತು ಅಳತೆ ತೋರಿಸುತ್ತಿದ್ದ ಅತ್ತೆಗೂ ಹೊಳೆದಿರಲಿಲ್ಲ.

ಯಾರೋ ಒಂದು ಸ್ಟೂಲು ತಂದಿಟ್ಟರು. ಅತ್ತೆ ಅದರ ಮೇಲೆ ಒಂದು ಕಾಲಿಟ್ಟರು, ಅದು ವಾಲಿತು. ಯಜಮಾನರು ಹಿಂದಿನಿಂದ ಕಂಕುಳಿಗೆ ಕೈಹಾಕಿ ಎತ್ತಲು ಹೋದರು. ಸೀರೆ ಬಾಗಿಲ ಹಿಡಿಗೆ ಸಿಕ್ಕಿ ಮೊಣಕಾಲ ಮೇಲಕ್ಕೆ ಸರಿಯಿತು. ಕಣಕಾಲು ತಗಡಿಗೆ ತರಚಿ ರಕ್ತ ಬಂತು. ನಿಂತವರಲ್ಲಿ ಯಾರೋ ಒಬ್ಬರು ನಕ್ಕರು. ಕೆಟ್ಟ ನಗು ಅಲ್ಲ, ಸುಮ್ಮನೆ ತಡೆಯಲಾರದೆ ಬಂದದ್ದು. ಆದರೆ ಅತ್ತೆ ಆ ಓಣಿಯಲ್ಲಿ ತಲೆಯೆತ್ತಿ ಬದುಕಿದ ಹೆಂಗಸು. ಗಂಡ ತೀರಿದ ಮೇಲೆ ಮಗ್ಗಗಳನ್ನು ತಾವೇ ನಡೆಸಿದವರು.

"ಸಾಕು. ಇಳಸು ನನ್ನ" ಅಂದರು.

ಸೀರೆ ಸರಿ ಮಾಡಿಕೊಂಡು, ಹೋಳಿಗೆಯ ಬುಟ್ಟಿಯನ್ನು ತಾವೇ ಗಾಡಿಯೊಳಗೆ ಇಟ್ಟರು. "ನೀ ಹೋಗಿ ಬಾ. ಮೊಣಕಾಲು ನೆಟ್ಟಗಾದ ಮ್ಯಾಲ ನಾ ಬರ್ತೀನಂತ ಆಕಿಗೆ ಹೇಳು." ಅಷ್ಟು ಹೇಳಿ ಒಳಗೆ ಹೋದರು. ನಾನು ಕಾಲಿಗೆ ಅರಿಷಿಣ ಹಚ್ಚಲು ಹೋದರೆ ಬೇಡ ಎಂದು ಕೈ ಸರಿಸಿದರು.

ಯಜಮಾನರು ಒಬ್ಬರೇ ಹೋಗಿ ಬಂದರು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ, ಸೀದಾ ಚಿಗವ್ವನ ಬಾಗಿಲಿಗೇ ಹೋಯಿತಂತೆ. ಸದ್ದು ಕೇಳಿ ಚಿಗವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಗಾಡಿಯ ಸುತ್ತ ಒಂದು ಸುತ್ತು ತಿರುಗಿ, ಒಳಗೆ ಇಣುಕಿ ನೋಡಿ, ಅಕ್ಕ ಎಲ್ಲಿ ಎಂದು ಕೇಳಿದರಂತೆ. ಮೊಣಕಾಲು ನೋವು ಎಂದು ಇವರು ಹೇಳಿದರು. ಚಿಗವ್ವ ಹೂಂ ಅಂದು ಒಳಗೆ ಕರೆದು ಊಟಕ್ಕೆ ಹಾಕಿದರು. ಬರುವಾಗ ಅಕ್ಕನಿಗೆಂದು ರೊಟ್ಟಿಗೆ ನಂಜಿಕೊಳ್ಳುವ ಗುರೆಳ್ಳಿನ ಹಿಂಡಿ ಕಟ್ಟಿಕೊಟ್ಟಿದ್ದರು.

ಮುಂದೆ ಏನೂ ಮಾಡಲಿಲ್ಲ ಅಂತಲ್ಲ. ಸಾಹೇಬರು ತಮ್ಮಿಂದಲೇ ಹೀಗಾಯಿತೆಂದು ನೊಂದುಕೊಂಡು, ಕಬ್ಬಿಣದ ಗಟ್ಟಿ ಪಾವಟಿಗೆ ಮಾಡಿ ತಂದು ಹಚ್ಚಿದರು. ಅದು ಮೊದಲ ಮಳೆಗೇ ಶಿರಹಟ್ಟಿ ದಾರಿಯ ಹಳ್ಳದಲ್ಲಿ ಕಲ್ಲಿಗೆ ತಾಗಿ ಡೊಂಕಾಗಿ, ಬಾಗಿಲು ತೆರೆಯದ ಹಾಗೆ ಅಡ್ಡ ನಿಂತಿತು, ತೆಗೆದುಹಾಕಿದರು. ಮುಂಡರಗಿಗೆ ಬಸ್ಸು ಹೋಗುತ್ತಿತ್ತು, ಅದರ ಮೆಟ್ಟಿಲೂ ಅಷ್ಟೇ ಎತ್ತರ. ಬಂಡಿಯಲ್ಲಿ ಅಷ್ಟು ದೂರ ಕೂರಲು ಆ ಮೊಣಕಾಲಿನಿಂದ ಆಗುತ್ತಿರಲಿಲ್ಲ. ಅತ್ತೆ ಎಣ್ಣೆ ತಿಕ್ಕಿಸಿಕೊಂಡರು, ಬಿಸಿ ಉಸುಕಿನ ಶಾಖ ಕೊಡಿಸಿಕೊಂಡರು. ಸುಗ್ಗಿ ಆಗಲಿ ಅಂದರು, ಬಿಸಿಲು ಇಳಿಯಲಿ ಅಂದರು. ಮಗ್ಗದ ಕುಣಿಗೆ ಇಳಿಯುವುದನ್ನೂ ಬಿಟ್ಟರು.

ಪಾಟಾ ಬಿಚ್ಚಿ ಗಾಡಿಯನ್ನು ಮೊದಲಿನ ಹಾಗೆ ಮಾಡಿಬಿಡುತ್ತೇನೆ ಎಂದು ಯಜಮಾನರು ಎಷ್ಟೋ ಸಲ ಹೇಳಿದರು. ಪ್ರತಿ ಸಲವೂ ತಡೆದವರು ಅತ್ತೆಯೇ. "ನನ್ನ ಒಬ್ಬಾಕಿ ಸಲುವಾಗಿ ಇಳಸ್ತೀಯೇನು? ಮಳಿಗಾಲದಾಗ ಮಂದಿ ನಿನ್ನ ದಾರಿ ಕಾಯ್ತಾರ" ಅನ್ನುತ್ತಿದ್ದರು. ಆ ಮಾತು ಖರೆಯೇ ಆಗಿತ್ತು. ಹಳ್ಳ ಬಂದಾಗ ಲಕ್ಷ್ಮೇಶ್ವರದ ದಾರಿಯಲ್ಲಿ ನಡೆಯುವ ಗಾಡಿ ನಮ್ಮದೊಂದೇ ಆಯಿತು. ಸೀರೆಗಳು ಒದ್ದೆಯಾಗದೆ ಸಂತೆ ಮುಟ್ಟುತ್ತಿದ್ದವು. ಹೆರಿಗೆ ಕಷ್ಟವಾದವರನ್ನು, ಹಾವು ಕಡಿದವರನ್ನು ಗದಗಿನ ದವಾಖಾನೆಗೆ ತರಲು ಹಳ್ಳಿಗಳಿಂದ ಓಡುತ್ತ ಬರುತ್ತಿದ್ದರು. ಕೋಟುಮಚಗಿಯ ಕಡೆಯ ಒಬ್ಬ ತುಂಬು ಬಸುರಿಯನ್ನು ತಂದ ದಿನ, ತಾಯಿ ಮಗು ಎರಡೂ ಉಳಿದವೆಂದು ಕೇಳಿ ಅತ್ತೆ ದೇವರ ಮುಂದೆ ದೀಪ ಹಚ್ಚಿದರು. ಗಾಡಿಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ತಾವು ಮಾತ್ರ ಅದರ ಹತ್ತಿರ ಹೋಗುತ್ತಿರಲಿಲ್ಲ.

ಸಂತೆಗೆ ಯಜಮಾನರ ಜೊತೆ ನಾನೊಬ್ಬಳೇ ಹೋಗುವ ಹಾಗಾಯಿತು. ಹೋಗಿ ಬಂದ ಮೇಲೆ ಏನು ಕಂಡೆ ಎಂದು ಅತ್ತೆ ಕೇಳುತ್ತಿದ್ದರು. ನಾನು ಮತ್ತೆ ಕಂಬದ ಮರೆಗೆ ನಿಂತು, ಗುಡ್ಡ ಹಸಿರಾಗಿದೆ, ಹೆಸರು ಬಿತ್ತಿದ್ದಾರೆ ಎಂದು ನಾಲ್ಕು ಮಾತು ಹೇಳುತ್ತಿದ್ದೆ. ಹೆಗಲಿಗೆ ಹೆಗಲು ತಾಗಿ ಕೂತಾಗ ಬರುತ್ತಿದ್ದ ಮಾತು ಅಲ್ಲಿ ಬರುತ್ತಿರಲಿಲ್ಲ. ತಂಗಿಯ ಕಥೆಯನ್ನೂ ಅವರು ಹೇಳುವುದನ್ನು ಬಿಟ್ಟರು. ಆ ವರ್ಷಗಳಲ್ಲಿ ಯಜಮಾನರು ಊಟಕ್ಕೆ ಕೂತಾಗ ಒಮ್ಮೊಮ್ಮೆ ತಮ್ಮಷ್ಟಕ್ಕೆ ತಾವೇ ಅನ್ನುತ್ತಿದ್ದರು, ಅವತ್ತು ಆ ರೈತನ ಬಂಡಿಯಲ್ಲಿ ಅವ್ವನನ್ನು ಕಳಿಸಬೇಕಿತ್ತು ಅಂತ.

ಏಕೀಕರಣವಾಯಿತು. ಗದಗಿನಲ್ಲಿ ತಳಿರು ತೋರಣ, ಮೆರವಣಿಗೆ, ಭಾಷಣ. ಯಜಮಾನರ ಗಾಡಿಗೆ ಬಾಳೆಕಂಬ ಕಟ್ಟಿ, ಅದರ ಮೇಲೆ ಹಾಡುವವರನ್ನು ನಿಲ್ಲಿಸಿ ಊರೆಲ್ಲ ತಿರುಗಿಸಿದರು. ಎತ್ತರದ ಗಾಡಿಯಾದ್ದರಿಂದ ದೂರದವರಿಗೂ ಕಾಣುತ್ತದೆ ಎಂದು ಅದನ್ನೇ ಆರಿಸಿದ್ದರು. ಮೆರವಣಿಗೆ ನಮ್ಮ ಓಣಿಗೂ ಬಂತು. ಅತ್ತೆ ಬಾಗಿಲಲ್ಲಿ ಹೊರಸು ಹಾಕಿಸಿಕೊಂಡು ಕೂತು ನೋಡಿದರು. ಇನ್ನು ಮೊಗಲಾಯಿ ಅನ್ನುವುದು ಇಲ್ಲವೇನು ಎಂದು ಮಗನನ್ನು ಕೇಳಿದರು. ಇಲ್ಲ, ಚಿಗವ್ವನ ಊರೂ ನಮ್ಮೂರೂ ಈಗ ಒಂದೇ ರಾಜ್ಯ ಎಂದು ಅವರು ಹೇಳಿದರು. ಹೌದೇನು, ಒಳ್ಳೇದಾತು ಎಂದು ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಬರುವ ಪಂಚಮಿಗೆ ಏನೇ ಆಗಲಿ ನಾನೇ ಅಲ್ಲಿಗೆ ಹೋಗುತ್ತೇನೆ ಎಂದೂ ಅಂದರು.

ಪಂಚಮಿ ಬರುವುದಕ್ಕೆ ಇನ್ನೂ ತಿಂಗಳುಗಳಿದ್ದವು. ಜೋಳದ ರಾಶಿ ನಡೆದಿತ್ತು. ಒಂದು ಮುಂಜಾನೆ ಚಿಗವ್ವನ ಊರಿನ ಇಬ್ಬರು ಗಂಡಸರು ಬಂದು ನಮ್ಮ ಕಟ್ಟೆಯ ಮೇಲೆ ಕೂರದೆ ನಿಂತರು. ಅವರು ನಿಂತ ರೀತಿಯಲ್ಲೇ ನನಗೆ ತಿಳಿಯಿತು. ಚಿಗವ್ವ ಹಿಂದಿನ ದಿನ ಗಂಡನಿಗೆ ಉಣಿಸಿ, ಎದೆ ಒತ್ತಿದ ಹಾಗಾಗುತ್ತದೆ ಎಂದು ಅಲ್ಲೇ ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲವಂತೆ. ಅಕ್ಕ ಬರುವವರೆಗೆ ಮಣ್ಣು ಮಾಡುವುದಿಲ್ಲ ಎಂದು ಊರವರು ಕಾಯುತ್ತಿದ್ದರು.

ಅತ್ತೆ ಅಳಲಿಲ್ಲ. ಒಳಗಿನಿಂದ ಗೋಡೆ ಹಿಡಿದುಕೊಂಡು ಗಾಡಿಯವರೆಗೆ ನಡೆದು ಬಂದರು. ಸಾಹೇಬರಿಗೆ ಸುದ್ದಿ ಮುಟ್ಟಿ ಅವರೂ ಬಂದಿದ್ದರು. ಓಣಿಯ ಜನ ಮತ್ತೆ ಬಾಗಿಲುಗಳಲ್ಲಿ ನಿಂತಿದ್ದರು.

"ಎತ್ರಿ ನನ್ನ. ಹೆಂಗ ಬರ್ತೈತಿ ಹಂಗ ಎತ್ರಿ" ಅಂದರು.

ಒಂದು ಕಡೆ ಮಗ, ಒಂದು ಕಡೆ ಸಾಹೇಬರು ಹಿಡಿದು ಎತ್ತಿದರು. ಸೆರಗು ಜಾರಿತು, ಮೊಣಕಾಲು ಹೊರಳಿ ನೋವಿನಿಂದ ಬಾಯಿ ತೆರೆದರು. ಯಾವುದನ್ನೂ ಲಕ್ಷಿಸಲಿಲ್ಲ. ಎತ್ತಿ ಕೂರಿಸುವುದು ಒಂದು ಗಳಿಗೆಯ ಕೆಲಸವಾಗಿತ್ತು. ಅದು ಅಷ್ಟು ಸುಲಭವಾಗಿ ಆಗಿಹೋಯಿತು. ಯಜಮಾನರು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.

ದಾರಿ ಒಣಗಿತ್ತು. ಗಾಡಿ ಎಲ್ಲಿಯೂ ತಾಗದೆ ಹೋಯಿತು. ಚಿಗವ್ವನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಏರಿಸಿದ್ದರು. ಅತ್ತೆಯನ್ನು ಇಳಿಸಿ ಹಿಡಿದುಕೊಂಡು ಹೋಗಿ ಅವರ ಮಗ್ಗುಲಲ್ಲಿ ಕೂರಿಸಿದೆವು. ಅವರು ತಂಗಿಯ ಕೈಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು.

"ಬಂದೇನವಾ ತಂಗಿ. ಮೋಟಾರದಾಗ ಬಂದೇನಿ" ಅಂದರು.

ಮೂರನೆಯ ದಿನ ಹೊರಡುವಾಗ ಅತ್ತೆ ತಂಗಿಯ ಗಂಡನನ್ನು ನಮ್ಮ ಜೊತೆ ಕರೆದುಕೊಂಡು ಹೋಗುವುದೆಂದು ಹೇಳಿದರು. ಯಾರನ್ನೂ ಕೇಳಲಿಲ್ಲ. ಸೀರೆಯ ಗಂಟು ಹಾಕುವ ಜಾಗದಲ್ಲಿ ಕೌದಿ ಹಾಸಿ ಅವರನ್ನು ಮಲಗಿಸಿ ತಂದೆವು. ನಮ್ಮ ಪಡಸಾಲೆಯ ಒಂದು ಮೂಲೆ ಅವರದಾಯಿತು. ಅತ್ತೆ ಗಂಜಿ ಉಣಿಸುವುದು, ಮೈ ಒರೆಸುವುದು, ಮಗ್ಗುಲು ಹೊರಳಿಸುವುದು ಎಲ್ಲ ತಾವೇ ಮಾಡುತ್ತಿದ್ದರು. ನನಗೆ ಬಿಡಲಿಲ್ಲ. ಆ ಬೇಸಿಗೆಯಲ್ಲೇ ಯಜಮಾನರು ಸಾಹೇಬರನ್ನು ಕರೆಸಿ ಪಾಟಾ ಬಿಚ್ಚಿಸಿ, ದಿಮ್ಮಿ ತೆಗೆಸಿ ಗಾಡಿ ಇಳಿಸಿದರು. ಈ ಸಲ ಅತ್ತೆ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಅಷ್ಟರಲ್ಲಿ ಮುಂಡರಗಿಯ ಕಡೆಗೆ ಖಡಿ ಹಾಕಿ ರಸ್ತೆ ಮಾಡಲು ಶುರುವಾಗಿತ್ತು.

ಚಿಗವ್ವನ ಗಂಡನಿಗೆ ಮಾತು ತೊದಲುತ್ತಿತ್ತು, ಆದರೆ ಬುದ್ಧಿ ನೆಟ್ಟಗಿತ್ತು. ಒಂದು ಮಧ್ಯಾಹ್ನ ಅತ್ತೆ ಉಣಿಸುತ್ತಿದ್ದರು, ನಾನು ಪಕ್ಕದಲ್ಲಿ ಕಾಳು ಆರಿಸುತ್ತಿದ್ದೆ, ಯಜಮಾನರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಚಿಗವ್ವನ ಗಂಡ ಗಂಜಿ ಸಾಕೆಂದು ಕೈಸನ್ನೆ ಮಾಡಿ, ನಿಧಾನವಾಗಿ ಹೇಳಿದರು:

"ಮೊಣಕಾಲು ನೋವು ಅಂದದ್ದನ್ನ ಆಕಿ ನಂಬಲಿಲ್ರಿ. ಮೋಟಾರ ಬಾಗಲಿಗೆ ಬಂದ್ರೂ ಅಕ್ಕ ಬರಲಿಲ್ಲ, ಸೀರಿ ಸಿಟ್ಟು ಇನ್ನೂ ಹೋಗಿಲ್ಲ ಅಂತಿದ್ದಳು."

ಅತ್ತೆಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದರು. ನನಗೆ ನೆನಪಿತ್ತು. ಚಿಗವ್ವ ಕೊನೆಯ ಸಲ ಪಂಚಮಿಗೆ ಬಂದಾಗ ಅತ್ತೆ ಒಂದು ಸೀರೆ ಕೊಟ್ಟರು. ಚಿಗವ್ವ ಅದನ್ನು, ತನಗೆ ಯಾಕೆ, ಸೊಸೆ ಉಡಲಿ ಎಂದು ನನ್ನ ಕೈಗೆ ಕೊಟ್ಟುಬಿಟ್ಟರು. ತವರಿನ ಸೀರೆ ಬೇಡವಾದರೆ ತವರೂ ಬೇಡವೇನು ಎಂದು ಅತ್ತೆ ತಟ್ಟನೆ ಅಂದರು. ಅಡುಗೆ ಮನೆಯಲ್ಲಿ ಹೆಂಗಸರು ದಿನಕ್ಕೆ ಹತ್ತು ಸಲ ಆಡುವಂಥ ಮಾತು. ಸಂಜೆಗೆ ಇಬ್ಬರೂ ಕೂಡಿಯೇ ಉಂಡಿದ್ದರು. ನಾನು ಇದನ್ನು ಅತ್ತೆಗೆ ಮೆಲ್ಲಗೆ ನೆನಪಿಸಿದೆ.

ಯಜಮಾನರು ಬಾಗಿಲಲ್ಲೇ ಒಂದು ಕಾಲಿನ ಚಪ್ಪಲಿಯಲ್ಲಿ ನಿಂತಿದ್ದರು. ಗಾಡಿ ಎತ್ತರವಾಗಿದೆ, ಅವ್ವನಿಗೆ ಹತ್ತಲಿಕ್ಕೆ ಆಗಲಿಲ್ಲ ಎಂದು ಆ ದಿನ ಒಂದು ಮಾತು ಹೇಳಿದ್ದರೆ ಚಿಗವ್ವ ನಂಬುತ್ತಿದ್ದರು. ಗಾಡಿ ಕಣ್ಣೆದುರೇ ನಿಂತಿತ್ತಲ್ಲ. ಆದರೆ ತಾಯಿ ಹೇಳಿ ಕಳಿಸಿದ ಮಾತನ್ನು ಮಗ ಹೇಳಿ ಬಂದಿದ್ದರು, ಅದೂ ಸುಳ್ಳಲ್ಲ.

ಅತ್ತೆ ಚಿಗವ್ವನ ಗಂಡನ ಗಲ್ಲಕ್ಕೆ ಹತ್ತಿದ್ದ ಗಂಜಿಯನ್ನು ಸೆರಗಿನಿಂದ ಒರೆಸಿ, ಇನ್ನೊಂದು ಚಮಚ ತುಂಬಿಕೊಂಡು, ಅವರ ಮುಖದ ಹತ್ತಿರಕ್ಕೆ ಬಾಗಿದರು.

"ಮತ್ತ ಏನಂತಿದ್ದಳು?" ಎಂದು ಕೇಳಿದರು.